ಹತ್ತು ಜನ ಸೇರಿದರೆ ಮಾತ್ರ: ಸಿನಗಾಗ್ ಒಳಗೆ ನಿಜವಾಗಿ ಏನು ನಡೆಯುತ್ತೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

 

ಹೋದ ಸಂಚಿಕೆ ಆದಮೇಲೆ ಒಬ್ಬ ಕೇಳುಗರು ಒಂದು ಪ್ರಶ್ನೆ ಕಳಿಸಿದ್ರು. "ಕೊಚ್ಚಿಗೆ ಟೂರ್ ಹೋಗಿದ್ವಿ, ಯಹೂದಿಗಳ ಸಿನಗಾಗ್ ನೋಡಿದ್ವಿ. ನೀಲಿ ಟೈಲ್ಸು, ಗಾಜಿನ ದೀಪಗಳು ಎಲ್ಲಾ ಚೆನ್ನಾಗಿತ್ತು. ಆದ್ರೆ ಅಲ್ಲಿ ಮೂರ್ತಿ ಇಲ್ಲ, ಪೂಜಾರಿ ಇಲ್ಲ. ಹಾಗಾದ್ರೆ ಜನ ಅಲ್ಲಿ ಸೇರಿ ಮಾಡ್ತಿದ್ದದ್ದೇನು?" ಅಂತ. ಒಳ್ಳೆ ಪ್ರಶ್ನೆ. ಇವತ್ತಿನ ಸಂಚಿಕೆ ಅದಕ್ಕೇ.

ಒಂದೇ ಸಾಲಿನಲ್ಲಿ ಉತ್ತರ ಬೇಕು ಅಂದ್ರೆ: ಓದ್ತಿದ್ರು. ಒಟ್ಟಿಗೆ ಕೂತು, ಜೋರಾಗಿ, ವರ್ಷಾನುಗಟ್ಟಲೆ ಒಂದೇ ಪುಸ್ತಕವನ್ನ ಮತ್ತೆ ಮತ್ತೆ ಓದ್ತಿದ್ರು.

ಹೆಸರಲ್ಲೇ ಇದೆ

ಸಿನಗಾಗ್ ಅನ್ನೋದು ಗ್ರೀಕ್ ಮೂಲದ ಪದ. ಸೇರುವುದು, ಸಭೆ ಅಂತ ಅರ್ಥ. ಹೀಬ್ರೂನಲ್ಲಿ ಇದಕ್ಕೆ 'ಬೇಟ್ ಕ್ನೆಸೆಟ್' ಅಂತಾರೆ, ಅಂದ್ರೆ ಸೇರುವ ಮನೆ. ಅದರ ಜೊತೆಗೇ ಬರೋ ಇನ್ನೊಂದು ಮಾತು 'ಬೇಟ್ ಮಿದ್ರಾಶ್', ಕಲಿಯುವ ಮನೆ. ಪೂರ್ವ ಯುರೋಪಿನ ಯಹೂದಿಗಳ ಯಿದ್ದಿಶ್ ಭಾಷೆಯಲ್ಲಂತೂ ಸಿನಗಾಗಿಗೆ 'ಶೂಲ್' ಅಂತಲೇ ಹೆಸರು. ಆ ಪದಕ್ಕೂ ನಮ್ಮ ಸ್ಕೂಲ್ ಅನ್ನೋ ಪದಕ್ಕೂ ಮೂಲ ಒಂದೇ.

ಇನ್ನು ರಬ್ಬಿ. ನಾವು ಸಾಮಾನ್ಯವಾಗಿ 'ಯಹೂದಿ ಪೂಜಾರಿ' ಅಂದುಕೊಳ್ತೀವಿ. ಆ ಪದದ ಅರ್ಥ 'ನನ್ನ ಗುರು'. ಪ್ರಾರ್ಥನೆ ನಡೆಸೋಕೆ ರಬ್ಬಿ ಇರಲೇಬೇಕು ಅಂತಿಲ್ಲ. ಓದು ಬರುವ ಯಾರು ಬೇಕಾದ್ರೂ ಮುಂದೆ ನಿಂತು ನಡೆಸಬಹುದು. ಕೊಚ್ಚಿಯ ಯಹೂದಿಗಳು ಶತಮಾನಗಳ ಕಾಲ ದೀಕ್ಷೆ ಪಡೆದ ರಬ್ಬಿಗಳಿಲ್ಲದೇ ನಡೆಸಿಕೊಂಡು ಬಂದ್ರು. ಊರಿನ ಓದಿದ ಹಿರಿಯರೇ ಎಲ್ಲವನ್ನೂ ನೋಡಿಕೊಳ್ತಿದ್ರು.

ಅಂದ್ರೆ ರಬ್ಬಿ ಇಲ್ಲದೇ ಸಿನಗಾಗ್ ನಡೆಯುತ್ತೆ. ಇನ್ನೊಂದು ಇಲ್ಲದೇ ನಡೆಯಲ್ಲ. ಅದು ಹತ್ತು ಜನ.

ಕೋರಂ ಅಂದ್ರೆ ಇದು

ನಾನು ಬಿಕಾಂ ಓದಿದವನು, ಹಾಗಾಗಿ ಇದು ನನಗೆ ಅರ್ಥ ಆಗಿದ್ದು ಕಂಪನಿ ಕಾಯ್ದೆಯ ಮೂಲಕ. ಕಾಮರ್ಸ್ ಓದಿದವರಿಗೆ ಸೆಕ್ಷನ್ 103 ನೆನಪಿರಬಹುದು. ಸದಸ್ಯರ ಸಭೆಗೆ ಇಂತಿಷ್ಟು ಜನ ಬರಲೇಬೇಕು, ಅದೇ ಕೋರಂ. ಅರ್ಧ ಗಂಟೆ ಕಾದರೂ ಬರಲಿಲ್ಲ ಅಂದ್ರೆ ಸಭೆ ಮುಂದಿನ ವಾರಕ್ಕೆ ಹೋಗುತ್ತೆ. ಮುಂದಿನ ವಾರವೂ ಬರಲಿಲ್ವಾ? ಆಗ ಬಂದಷ್ಟೇ ಜನರನ್ನ ಕೋರಂ ಅಂತ ಒಪ್ಪಿಕೊಂಡು ಸಭೆ ನಡೆಸಬಹುದು. ಕಾಯ್ದೆ ಅಲ್ಲೊಂದು ರಿಯಾಯಿತಿ ಇಟ್ಟಿದೆ.

ಯಹೂದಿಗಳ ಕೋರಂಗೆ 'ಮಿನ್ಯಾನ್' ಅಂತ ಹೆಸರು. ಹತ್ತು ಜನ ವಯಸ್ಕರು. ಸಂಪ್ರದಾಯಸ್ಥ ಸಿನಗಾಗ್‌ಗಳಲ್ಲಿ 13 ತುಂಬಿದ ಗಂಡಸರು ಮಾತ್ರ ಲೆಕ್ಕಕ್ಕೆ. ಸುಧಾರಣಾವಾದಿ ಪಂಗಡಗಳಲ್ಲಿ ಹೆಂಗಸರನ್ನೂ ಎಣಿಸ್ತಾರೆ. ಒಂಬತ್ತೇ ಜನ ಇದ್ರೆ ಅವರವರ ಪ್ರಾರ್ಥನೆ ಅವರವರು ಮಾಡಿಕೊಳ್ಳಬಹುದು. ಆದ್ರೆ ತೋರಾ ಸುರುಳಿಯನ್ನ ಹೊರಗೆ ತೆಗೆದು ಸಭೆಯಲ್ಲಿ ಓದೋ ಹಾಗಿಲ್ಲ. 'ಕದ್ದೀಶ್' ಹೇಳೋ ಹಾಗಿಲ್ಲ. ಮುಂದಿನ ವಾರದ ರಿಯಾಯಿತಿಯೂ ಇಲ್ಲ.

ಈ ಕದ್ದೀಶ್ ಏನು ಅಂತ ಸ್ವಲ್ಪ ಹೇಳ್ಬೇಕು. ಅಪ್ಪನೋ ಅಮ್ಮನೋ ತೀರಿಕೊಂಡ್ರೆ ಮಗ ಸುಮಾರು ಹನ್ನೊಂದು ತಿಂಗಳು ದಿನಾ ಹೇಳೋ ಪ್ರಾರ್ಥನೆ ಅದು. ಅರಾಮಿಕ್ ಭಾಷೆಯಲ್ಲಿದೆ. ಸಾವಿನ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ, ಇರೋದು ದೇವರ ಸ್ತುತಿ ಮಾತ್ರ. ಅದನ್ನ ಒಬ್ಬನೇ ಮನೆಯಲ್ಲಿ ಕೂತು ಹೇಳೋಕಾಗಲ್ಲ. ಇನ್ನೂ ಒಂಬತ್ತು ಜನ ಎದುರಿಗೆ ಇರಬೇಕು, ಅವರು ನಡುನಡುವೆ 'ಆಮೆನ್' ಅನ್ನಬೇಕು.

ಇದರ ಪರಿಣಾಮ ಯೋಚನೆ ಮಾಡಿ. ದುಃಖದಲ್ಲಿರೋ ಮನುಷ್ಯ ಬಾಗಿಲು ಹಾಕ್ಕೊಂಡು ಒಳಗೇ ಕೂರೋಕಾಗಲ್ಲ. ಎದ್ದು, ಬಟ್ಟೆ ಹಾಕ್ಕೊಂಡು, ಜನ ಇರೋ ಕಡೆ ಹೋಗಲೇಬೇಕು. ಉಳಿದ ಒಂಬತ್ತು ಜನಕ್ಕೂ ಅಷ್ಟೇ: 'ಇವತ್ತು ನಾನು ಹೋಗದಿದ್ರೆ ಅವನ ಕದ್ದೀಶ್ ನಿಂತುಹೋಗುತ್ತೆ' ಅನ್ನೋ ಜವಾಬ್ದಾರಿ. ಹತ್ತನೆಯವನು ಶ್ರೀಮಂತನೋ ಬಡವನೋ, ಪಂಡಿತನೋ ಹದಿಮೂರು ವರ್ಷದ ಹುಡುಗನೋ, ಎಣಿಕೆಯಲ್ಲಿ ಎಲ್ಲರೂ ಒಂದೇ.

ಕಾಗದದ ಮೇಲೆ ಹಾಗೆ. ನಿಜವಾಗಿ ಹಾಗೇ ಇತ್ತಾ? ಅದಕ್ಕೆ ಆಮೇಲೆ ಬರ್ತೀನಿ.

ಓದು ಹೇಗೆ ನಡೆಯುತ್ತೆ

ತೋರಾ ಅಂದ್ರೆ ಹೀಬ್ರೂ ಬೈಬಲ್ಲಿನ ಮೊದಲ ಐದು ಪುಸ್ತಕಗಳು. ಅದನ್ನ 54 ಭಾಗ ಮಾಡಿದ್ದಾರೆ. ವಾರಕ್ಕೊಂದು ಭಾಗ, ಕೆಲವು ವಾರ ಎರಡು. ವರ್ಷಕ್ಕೆ ಸರಿಯಾಗಿ ಮುಗಿಯುತ್ತೆ. ಮುಗಿದ ದಿನ 'ಸಿಂಹಾತ್ ತೋರಾ' ಹಬ್ಬ: ಸುರುಳಿಗಳನ್ನ ಎತ್ತಿಕೊಂಡು ಹಾಡ್ತಾ ಕುಣಿತಾರೆ, ಕೊನೆಯ ಸಾಲು ಓದಿ ತಕ್ಷಣ ಮೊದಲ ಸಾಲಿನಿಂದ ಮತ್ತೆ ಶುರು ಮಾಡ್ತಾರೆ. ಮುಗೀತು ಅನ್ನೋ ಸ್ಥಿತಿಯೇ ಇಲ್ಲ.

ಓದೋದು ಅಚ್ಚಾದ ಪುಸ್ತಕದಿಂದಲ್ಲ. ಚರ್ಮದ ಹಾಳೆಗಳನ್ನ ಹೊಲಿದು ಮಾಡಿದ, ಕೈಯಲ್ಲಿ ಬರೆದ ಸುರುಳಿಯಿಂದ. ಪರಂಪರೆಯ ಲೆಕ್ಕದಲ್ಲಿ ಅದರಲ್ಲಿ 3,04,805 ಅಕ್ಷರಗಳಿವೆ. ಒಂದಕ್ಷರ ತಪ್ಪಿದ್ರೂ, ಅಳಿಸಿಹೋದ್ರೂ, ಸರಿಮಾಡೋ ತನಕ ಆ ಸುರುಳಿಯನ್ನ ಸಭೆಯಲ್ಲಿ ಬಳಸೋ ಹಾಗಿಲ್ಲ. ಇನ್ನೊಂದು ಕಷ್ಟ ಇದೆ. ಸುರುಳಿಯಲ್ಲಿ ಸ್ವರಚಿಹ್ನೆಗಳೇ ಇರಲ್ಲ. ಕನ್ನಡದಲ್ಲಿ ಗುಣಿತಾಕ್ಷರದ ಗುರುತು ಒಂದೂ ಇಲ್ಲದೆ ಬರೀ 'ಕ ಮ ಲ' ಅಂತ ಬರೆದಿದೆ ಅಂದುಕೊಳ್ಳಿ. ಅದು ಕಮಲವೋ ಕೋಮಲವೋ ಓದುವವನಿಗೆ ಮೊದಲೇ ಗೊತ್ತಿರಬೇಕು. ರಾಗವನ್ನೂ ಬರೆದಿರಲ್ಲ. ಹಾಗಾಗಿ ಓದುವವನು ವಾರವಿಡೀ ಅಭ್ಯಾಸ ಮಾಡಿಕೊಂಡೇ ಬರಬೇಕು. ಓದುವಾಗ ತಪ್ಪು ಉಚ್ಚರಿಸಿದ್ರೆ ಪಕ್ಕದಲ್ಲಿ ನಿಂತವರು ಅಲ್ಲೇ ತಿದ್ತಾರೆ.

ಹುಡುಗನಿಗೆ 13 ತುಂಬಿದಾಗ ನಡೆಯೋ 'ಬಾರ್ ಮಿತ್ಜ್ವಾ' ಬಗ್ಗೆ ಹಾಲಿವುಡ್ ಸಿನಿಮಾಗಳಲ್ಲಿ ನೋಡಿರ್ತೀರಿ, ದೊಡ್ಡ ಪಾರ್ಟಿ ಥರ. ಅದರ ತಿರುಳು ಇದೇ: ಆ ದಿನ ಹುಡುಗನನ್ನ ಎಲ್ಲರ ಮುಂದೆ ತೋರಾ ಓದೋಕೆ ಕರೀತಾರೆ. ಒಂಥರಾ ಪಬ್ಲಿಕ್ ಪರೀಕ್ಷೆ. ಅವತ್ತಿನಿಂದ ಅವನೂ ಹತ್ತರಲ್ಲಿ ಒಬ್ಬ.

ಇದು ಸಭೆಯ ಓದು. ಇನ್ನೊಂದು ಓದು ಇಬ್ಬಿಬ್ಬರದ್ದು. ಅದಕ್ಕೆ 'ಹವ್ರೂತಾ' ಅಂತಾರೆ, ಅಂದ್ರೆ ಜೊತೆಗಾರಿಕೆ. ತಾಲ್ಮೂದ್ ಅನ್ನೋ ದೊಡ್ಡ ಗ್ರಂಥವನ್ನ ಎದುರಿಗಿಟ್ಟುಕೊಂಡು ಇಬ್ಬರು ಜೋರಾಗಿ ವಾದ ಮಾಡ್ತಾರೆ. ಒಬ್ಬ ಅರ್ಥ ಹೇಳಬೇಕು, ಇನ್ನೊಬ್ಬ ಅದನ್ನ ಒಡೆಯೋಕೆ ನೋಡಬೇಕು. ನಮ್ಮ ತಾಳಮದ್ದಳೆಯ ಅರ್ಥಧಾರಿಗಳನ್ನ ನೋಡಿದವರಿಗೆ ಈ ಬಿಸಿ ಎಂಥದ್ದು ಅಂತ ಗೊತ್ತಾಗುತ್ತೆ. ತಾಲ್ಮೂದ್ ಪುಟವೇ ಹಾಗಿದೆ: ನಡುವೆ ಮೂಲ, ಒಂದು ಪಕ್ಕ 11ನೇ ಶತಮಾನದ ರಾಶಿಯ ವ್ಯಾಖ್ಯಾನ, ಇನ್ನೊಂದು ಪಕ್ಕ ಆತನ ಮಾತನ್ನೇ ಪ್ರಶ್ನಿಸೋ ನಂತರದವರ ಟಿಪ್ಪಣಿ. ವಾದದಲ್ಲಿ ಸೋತ ಪಕ್ಷದ ಮಾತನ್ನೂ ಹೊಡೆದುಹಾಕಿಲ್ಲ, ಹೆಸರು ಸಮೇತ ಇಟ್ಟಿದ್ದಾರೆ.

1923ರಲ್ಲಿ ಪೋಲೆಂಡಿನ ರಬ್ಬಿ ಮೇಯಿರ್ ಶಪೀರೋ ಅವರ ಸಲಹೆಯಿಂದ ಒಂದು ಪದ್ಧತಿ ಶುರುವಾಯ್ತು: ಪ್ರಪಂಚದಲ್ಲಿ ಯಾವ ಊರಲ್ಲೇ ಇದ್ರೂ, ಎಲ್ಲರೂ ಒಂದು ದಿನ ತಾಲ್ಮೂದಿನ ಒಂದೇ ಹಾಳೆ ಓದೋದು. ಒಟ್ಟು 2,711 ಹಾಳೆ. ಮುಗಿಯೋಕೆ ಏಳೂವರೆ ವರ್ಷ ಹತ್ತಿರ. 14ನೇ ಸುತ್ತು 2020ರ ಜನವರಿಯಲ್ಲಿ ಶುರುವಾಗಿದೆ. ಬೆಳಗ್ಗೆ ಆಫೀಸಿಗೆ ಹೋಗೋ ಮುಂಚೆ ಸಿನಗಾಗಿನಲ್ಲಿ ಒಂದು ಗಂಟೆ ಕೂತು ಇದನ್ನ ಓದಿ ಹೋಗೋ ಅಂಗಡಿಯವರು, ಲೆಕ್ಕಿಗರು, ಡಾಕ್ಟರುಗಳು ಇದ್ದಾರೆ. ಕಲಿಕೆ ಅಂದ್ರೆ ಡಿಗ್ರಿ ಮುಗಿದ ಮೇಲೆ ಬಿಡೋ ವಿಷಯ ಅಲ್ಲ ಅನ್ನೋದು ಅಲ್ಲಿನ ನಂಬಿಕೆ.

ಮಂಗಳೂರಿನ ಲೆಕ್ಕ ಕೈರೋದಲ್ಲಿ

ಓದುವ ಜನಕ್ಕೆ ಬರೆದದ್ದರ ಮೇಲೆ ಗೌರವ ಇರುತ್ತೆ. ದೇವರ ಹೆಸರಿರೋ ಕಾಗದವನ್ನ ಯಹೂದಿಗಳು ಎಸೆಯಲ್ಲ, ಸುಡಲ್ಲ. ಹಳೆಯದಾದ್ರೆ ಒಂದು ಕೋಣೆಯಲ್ಲಿ ಇಟ್ಟು, ಆಮೇಲೆ ಹೂಳ್ತಾರೆ. ಆ ಕೋಣೆಗೆ 'ಗೆನಿಜಾ' ಅಂತ ಹೆಸರು. ಹಳೇ ಕೈರೋದ ಬೆನ್ ಎಜ್ರಾ ಸಿನಗಾಗಿನಲ್ಲಿ ಹೂಳೋದು ಬಿಟ್ಟು ಶತಮಾನಗಟ್ಟಲೆ ತುಂಬಿಸ್ತಾನೇ ಹೋದ್ರು. ಪತ್ರದ ಶುರುವಿನಲ್ಲಿ ದೇವರ ಹೆಸರು ಬರೆಯೋ ರೂಢಿ ಇದ್ದಿದ್ರಿಂದ ವ್ಯಾಪಾರದ ಪತ್ರ, ಸಾಲದ ಚೀಟಿ, ಮಕ್ಕಳ ಅಕ್ಷರಾಭ್ಯಾಸದ ಹಾಳೆ, ಎಲ್ಲವೂ ಅದರೊಳಗೆ ಬಿತ್ತು. 1896-97ರಲ್ಲಿ ಸಾಲೊಮನ್ ಶೆಖ್ಟರ್ ಅನ್ನೋ ವಿದ್ವಾಂಸರು ಅಲ್ಲಿಂದ ಕೇಂಬ್ರಿಜ್‌ಗೆ ತಂದ ತುಣುಕುಗಳೇ ಒಂದೂಮುಕ್ಕಾಲು ಲಕ್ಷಕ್ಕೂ ಹೆಚ್ಚು.

ಅದರಲ್ಲಿ ನಮ್ಮ ಮಂಗಳೂರು ಇದೆ! 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನೋ ಯಹೂದಿ ವ್ಯಾಪಾರಿ ಟ್ಯುನೀಶಿಯಾ ಕಡೆಯವನು. ಏಡನ್ ದಾಟಿ ಬಂದು 1130ರ ದಶಕದಿಂದ ಹೆಚ್ಚುಕಮ್ಮಿ ಹದಿನೇಳು ವರ್ಷ ನಮ್ಮ ಕರಾವಳಿಯಲ್ಲಿದ್ದ. ಮಂಗಳೂರಿನ ಕಡೆ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸ್ತಿದ್ದ. ಇಲ್ಲಿಂದ ಕಾಳುಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಹೋಗ್ತಿತ್ತು. ಏಡನ್‌ನ ಸ್ನೇಹಿತರು ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಜೊತೆಗೆ ಕಾಗದ ಕಳಿಸ್ತಿದ್ರು. ಕಾಗದ ಇಲ್ಲಿ ಸಿಗ್ತಿರಲಿಲ್ಲ, ಅದಕ್ಕೇ ಬೆನ್ ಯಿಜು ಬಂದ ಪತ್ರದ ಖಾಲಿ ಜಾಗದಲ್ಲೇ ತನ್ನ ಲೆಕ್ಕ ಬರೀತಿದ್ದ. ವ್ಯಾಪಾರದ ನಡುವೆ ಪದ್ಯ ಬರೀತಿದ್ದ, ಧರ್ಮಶಾಸ್ತ್ರದ ಪ್ರಶ್ನೆಗಳನ್ನೂ ಬರೆದಿಟ್ಟಿದ್ದಾನೆ. ಅವನ ಆಳು ಕಮ್ ಏಜೆಂಟ್ ಬೊಮ್ಮ ಅನ್ನೋ ಇಲ್ಲಿಯವನು. ಆ ಬೊಮ್ಮನನ್ನ ಹುಡುಕಿಕೊಂಡೇ ಅಮಿತಾವ್ ಘೋಷ್ 1992ರಲ್ಲಿ 'ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್' ಪುಸ್ತಕ ಬರೆದದ್ದು.

ಇದೇ ಕಾಗದಗಳಲ್ಲಿ 1132ರ ಒಂದು ದಾಖಲೆ ಇದೆ. ಅಶು ಅನ್ನೋ ದಾಸಿಯನ್ನ ಬೆನ್ ಯಿಜು ಬಿಡುಗಡೆ ಮಾಡಿದ ಪತ್ರ. ಅವಳನ್ನ ಅವನು ಮದುವೆಯಾದ, ಮಕ್ಕಳಾದ್ರು ಅಂತ ವಿದ್ವಾಂಸರು ಹೇಳ್ತಾರೆ. ಈ 'ಬಿಡುಗಡೆ' ಅನ್ನೋ ಪದ ನೆನಪಿಟ್ಟುಕೊಳ್ಳಿ.

ಹತ್ತರಲ್ಲಿ ಯಾರು?

ಈಗ ಕೊಚ್ಚಿಗೆ ಬರೋಣ. ಮಟ್ಟಾಂಚೇರಿಯ ಪರದೇಶಿ ಸಿನಗಾಗ್ ಕಟ್ಟಿದ್ದು 1568ರಲ್ಲಿ. ಕೊಚ್ಚಿ ರಾಜರು ತಮ್ಮ ಅರಮನೆಯ ಪಕ್ಕದಲ್ಲೇ ಜಾಗ ಕೊಟ್ರು. ನಾನು ಹೋದಾಗ ಮೊದಲು ಗಮನಿಸಿದ್ದು ಬಾಗಿಲಲ್ಲಿ ಚಪ್ಪಲಿ ಬಿಡಬೇಕು ಅನ್ನೋದು. ಬೇರೆ ದೇಶಗಳ ಸಿನಗಾಗಿನಲ್ಲಿ ಈ ಪದ್ಧತಿ ಸಾಮಾನ್ಯವಾಗಿ ಇಲ್ಲ. ಇದು ಇಲ್ಲಿನ ನೆಲದಿಂದ ಅವರಿಗೆ ಬಂದದ್ದು. ಕೇರಳದ ಸಿನಗಾಗ್‌ಗಳಲ್ಲಿ ಓದುವ ವೇದಿಕೆ ಎರಡು: ಒಂದು ಕೆಳಗೆ ನಡುವಿನಲ್ಲಿ, ಇನ್ನೊಂದು ಮೇಲೆ, ಹೆಂಗಸರು ಕೂರೋ ಜಾಗದ ಮುಂದೆ. ಅಲ್ಲಿನ ಹೆಣ್ಣುಮಕ್ಕಳು ಹೀಬ್ರೂ ಓದೋಕೆ ಕಲೀತಿದ್ರು. ಮಲಯಾಳದಲ್ಲಿ ತಮ್ಮದೇ ಹಾಡುಗಳನ್ನ ನೋಟ್‌ಬುಕ್‌ಗಳಲ್ಲಿ ಬರೆದಿಟ್ಟುಕೊಂಡು ಮದುವೆ, ಹಬ್ಬಗಳಲ್ಲಿ ಹಾಡ್ತಿದ್ರು.

ನೆಲದಿಂದ ಬಂದ ಇನ್ನೊಂದು ವಿಷಯವೂ ಇತ್ತು, ಮೇಲು-ಕೀಳು. ಕೊಚ್ಚಿಯಲ್ಲಿ 'ಬಿಳಿ' ಯಹೂದಿ, 'ಕರಿ' ಯಹೂದಿ ಅಂತ ಭೇದ ಮಾಡ್ತಿದ್ರು. ಕೇರಳದಲ್ಲಿ ಮೊದಲಿಂದ ಇದ್ದ ಮಲಬಾರಿ ಯಹೂದಿಗಳಿಗೆ ತಮ್ಮದೇ ಏಳು ಸಿನಗಾಗ್ ಇದ್ದವು. ಮೂರನೇ ಗುಂಪೊಂದಿತ್ತು, 'ಮೆಶುಖ್ರಾರಿಂ'. ಅಂದ್ರೆ ಬಿಡುಗಡೆ ಆದವರು, ಮತ್ತು ಅವರ ವಂಶದವರು. ಇವರು ಪರದೇಶಿ ಸಿನಗಾಗಿಗೇ ಸೇರಿದವರು. ಆದ್ರೆ ಒಳಗೆ ಬೆಂಚಿನ ಮೇಲೆ ಕೂರೋ ಹಾಗಿರಲಿಲ್ಲ. ತೋರಾ ಓದೋಕೆ ಇವರನ್ನ ಕರೀತಿರಲಿಲ್ಲ. ಸತ್ತ ಮೇಲೆ ಹೂಳೋಕೂ ಬೇರೆ ಜಾಗ. ಧರ್ಮಶಾಸ್ತ್ರದ ಪ್ರಕಾರ ಬಿಡುಗಡೆಯಾಗಿ ಧರ್ಮಕ್ಕೆ ಸೇರಿದವನು ಪೂರ್ತಿ ಯಹೂದಿಯೇ. ಈ ವಿಷಯವಾಗಿ ಹೊರದೇಶದ ರಬ್ಬಿಗಳಿಗೆ ಪತ್ರ ಬರೆದು ಕೇಳಿದ್ದೂ ಇದೆ, ಭೇದ ಮಾಡೋ ಹಾಗಿಲ್ಲ ಅಂತ ಉತ್ತರ ಬಂದದ್ದೂ ಇದೆ. ಪುಸ್ತಕ ಒಂದು ಹೇಳ್ತಿತ್ತು, ಊರು ಇನ್ನೊಂದು ಮಾಡ್ತಿತ್ತು. ನಮಗೆ ಇದು ಹೊಸ ಕಥೆ ಏನಲ್ಲ, ಅಲ್ವಾ?

ಈ ಗುಂಪಿನಲ್ಲಿ 1882ರಲ್ಲಿ ಹುಟ್ಟಿದವರು ಅಬ್ರಹಾಂ ಬರಾಕ್ ಸೇಲಂ. ಓದಿ ವಕೀಲರಾದ್ರು. ಕೊಚ್ಚಿಯ ಶಾಸನ ಸಭೆಯ ಸದಸ್ಯರಾದ್ರು. 1929ರ ಲಾಹೋರ್ ಕಾಂಗ್ರೆಸ್ ಅಧಿವೇಶನಕ್ಕೂ ಹೋಗಿದ್ರು. ಜನ ಅವರನ್ನ 'ಯಹೂದಿ ಗಾಂಧಿ' ಅಂತ ಕರೀತಿದ್ರು. ಅವರು ಮಾಡಿದ್ದು ಸರಳವಾದ ಕೆಲಸ: ತಮ್ಮದೇ ಸಿನಗಾಗಿನಲ್ಲಿ ಸತ್ಯಾಗ್ರಹ. ಮಕ್ಕಳನ್ನ ಕರ್ಕೊಂಡು ಹೋಗಿ, ಕೂರಬಾರದು ಅಂದ ಕಡೆ ಕೂರೋದು, ಹಕ್ಕು ಕೇಳೋದು. ಬೇರೆ ಸಿನಗಾಗ್ ಕಟ್ಟಿಕೊಳ್ಳೋ ದಾರಿ ಹಿಡೀಲಿಲ್ಲ. ಇದೇ ನಮ್ಮದು, ಇಲ್ಲೇ ಓದ್ತೀವಿ ಅಂದ್ರು. ವರ್ಷಗಳು ಹಿಡಿದವು, ಒಂದೊಂದೇ ನಿಯಮ ಸಡಿಲವಾಯ್ತು. ಮೊದಲು ಬೆಂಚು, ಆಮೇಲೆ ಓದು.

ಬಾಗಿಲು ತೆಗೆಯೋ ಹೊತ್ತಿಗೆ ಮನೆ ಖಾಲಿಯಾಗೋಕೆ ಶುರುವಾಯ್ತು. 1948ರಲ್ಲಿ ಇಸ್ರೇಲ್ ಹುಟ್ಟಿತು. ಕೊಚ್ಚಿ ಯಹೂದಿಗಳು ಒಟ್ಟು ಎರಡೂವರೆ ಸಾವಿರದ ಆಸುಪಾಸು. ಹೆಚ್ಚಿನವರು 1950ರ ದಶಕದಲ್ಲಿ ಹೊರಟರು. ಪರದೇಶಿ ಗುಂಪಿನವರು ಆಮೇಲೆ ಒಬ್ಬೊಬ್ಬರೇ ಹೋದ್ರು. 1968ರಲ್ಲಿ ಸಿನಗಾಗಿಗೆ 400 ವರ್ಷ ತುಂಬಿದಾಗ ಪ್ರಧಾನಿ ಇಂದಿರಾ ಗಾಂಧಿ ಬಂದಿದ್ರು, ಅಂಚೆಚೀಟಿಯೂ ಬಂತು. ಆದ್ರೆ ಹತ್ತು ಜನ ಉಳಿಯಲಿಲ್ಲ. ಹೊರಗಿನಿಂದ ಯಹೂದಿ ಪ್ರವಾಸಿಗಳು ಬಂದ ದಿನ ಮಾತ್ರ ಮಿನ್ಯಾನ್ ಅನ್ನೋ ಪರಿಸ್ಥಿತಿ ಬಂತು. ಒಂದು ಕಾಲದಲ್ಲಿ ಒಳಗೇ ಇದ್ದವರನ್ನ ಎಣಿಸದ ಜಾಗ, ಕೊನೆಗೆ ದಾರಿಹೋಕರನ್ನ ಎಣಿಸಬೇಕಾಯ್ತು.

ಕಟ್ಟಡ ಇಲ್ಲದಿದ್ರೆ?

ಹಾಗಾದ್ರೆ ಸಿನಗಾಗ್ ಮುಚ್ಚಿದ್ರೆ ಎಲ್ಲಾ ಮುಗೀತಾ? ಇದಕ್ಕೆ ಉಲ್ಟಾ ಉದಾಹರಣೆ ನಮ್ಮ ಪಕ್ಕದ ಕೊಂಕಣದಲ್ಲಿದೆ. ಬೆನೆ ಇಸ್ರೇಲ್ ಅನ್ನೋ ಯಹೂದಿಗಳು ಅಲ್ಲಿ ಎಣ್ಣೆ ಗಾಣ ನಡೆಸ್ತಿದ್ರು. ಶನಿವಾರ ಗಾಣ ನಿಲ್ಲಿಸ್ತಿದ್ರಿಂದ ಊರವರು 'ಶನಿವಾರ ತೇಲಿ' ಅಂತಿದ್ರು. ಬಹುಕಾಲ ಅವರಿಗೆ ಸಿನಗಾಗ್ ಇರಲಿಲ್ಲ, ಹೀಬ್ರೂ ಮರೆತಿತ್ತು. ಉಳಿದದ್ದು ಶನಿವಾರದ ವಿಶ್ರಾಂತಿ, ಊಟದ ಕೆಲವು ನಿಯಮ, 'ಶೆಮಾ' ಅನ್ನೋ ಒಂದು ಪ್ರಾರ್ಥನೆ.

ಮುಂಬೈಯಲ್ಲಿ ಅವರ ಮೊದಲ ಸಿನಗಾಗ್ ಕಟ್ಟಿದ ಕಥೆಯಲ್ಲಿ ಶ್ರೀರಂಗಪಟ್ಟಣ ಇದೆ. ಸ್ಯಾಮ್ಯುಯೆಲ್ ದಿವೇಕರ್ ಕಂಪನಿ ಸೈನ್ಯದಲ್ಲಿದ್ದವರು, ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾದ್ರು. ಅವರು ಬೆನೆ ಇಸ್ರೇಲ್ ಅಂತ ಗೊತ್ತಾದಾಗ ಟಿಪ್ಪುವಿನ ತಾಯಿ ಪ್ರಾಣ ಉಳಿಸಿದ್ರು ಅಂತ ಆ ಸಮುದಾಯದವರು ಹೇಳಿಕೊಂಡು ಬಂದಿದ್ದಾರೆ. ಬಿಡುಗಡೆಯಾಗಿ ಬಂದ ದಿವೇಕರ್ 1796ರಲ್ಲಿ ಸಿನಗಾಗ್ ಕಟ್ಟಿಸಿದ್ರು. ಅದರ ಹೆಸರಿನ ಅರ್ಥ 'ಕರುಣೆಯ ಬಾಗಿಲು'. ಕಟ್ಟಡ ಆದಮೇಲೆ ಬೇಕಾಗಿದ್ದು ಮೇಷ್ಟ್ರು. ಓದು ಕಲಿಸೋಕೆ ಬಂದವರು ಕೊಚ್ಚಿಯ ಯಹೂದಿಗಳು. ಮುಂದೆ ಮರಾಠಿಯಲ್ಲಿ ಪ್ರಾರ್ಥನಾ ಪುಸ್ತಕಗಳು ಬಂದವು, ಬೈಬಲ್ ಕಥೆಗಳ ಮೇಲೆ ಕೀರ್ತನೆಗಳೂ ಹುಟ್ಟಿದವು.

ಅಂದ್ರೆ ಗೋಡೆ ಇಲ್ಲದೆ ತುಂಬಾ ದಿನ ನಡೆಯುತ್ತೆ, ಓದಿಸೋರು ಇದ್ರೆ ಮತ್ತೆ ಚಿಗುರುತ್ತೆ. ಗೋಡೆ ಇದ್ದು ಜನ ಇಲ್ಲದಿದ್ರೆ ಅದು ಮ್ಯೂಸಿಯಂ. ಮಟ್ಟಾಂಚೇರಿಯದೇ ಇನ್ನೊಂದು ಸಿನಗಾಗ್, ಕಡವುಂಭಾಗಂ, ಅದರ ಕೆತ್ತನೆಯ ಮರದ ಒಳಾಂಗಣ ಈಗ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿದೆ. ನೋಡೋಕೆ ಚೆಂದ. ಆದ್ರೆ ಕೊಚ್ಚಿಯವರ ಸಿನಗಾಗ್ ನಿಜವಾಗಿ ಉಳಿದಿರೋದು ಇಸ್ರೇಲಿನ ನೆವಾಟಿಂನಂಥ ಹಳ್ಳಿಗಳಲ್ಲಿ. ಅಲ್ಲಿ ಅವರ ಮಕ್ಕಳು, ಮೊಮ್ಮಕ್ಕಳು ಸೇರ್ತಾರೆ, ಕೊಚ್ಚಿಯ ಧಾಟಿಯಲ್ಲಿ ಹಾಡ್ತಾರೆ.

ಕೇಳುಗರ ಪ್ರಶ್ನೆಗೆ ಉತ್ತರ ಸಿಕ್ಕಿದೆ ಅಂದುಕೊಂಡಿದ್ದೀನಿ. ಮಟ್ಟಾಂಚೇರಿಗೆ ಹೋಗೋರಿದ್ರೆ ಶನಿವಾರ ಇಟ್ಟುಕೊಳ್ಳಬೇಡಿ, ಅವತ್ತು ಸಬ್ಬತ್, ನೋಡೋಕೆ ಬಿಡಲ್ಲ. ಬೇರೆ ದಿನ ಹೋಗಿ. ಟೈಲ್ಸ್ ಫೋಟೋ ತೆಗೆಯೋಕೆ ಆಗದಿದ್ರೂ ಪರವಾಗಿಲ್ಲ, ಗೋಡೆ ಬದಿಯ ಬೆಂಚುಗಳನ್ನ ಒಮ್ಮೆ ನೋಡಿ. ಅಲ್ಲಿ ಕೂರೋದಕ್ಕೆ ಒಬ್ಬ ವಕೀಲರು ವರ್ಷಗಟ್ಟಲೆ ಹೋರಾಡಬೇಕಾಗಿತ್ತು.

ನಿಮ್ಮ ಊರಿನಲ್ಲಿ ಜನ ಸೇರಿ ಒಟ್ಟಿಗೆ ಓದೋ ಜಾಗ ಯಾವುದಾದ್ರೂ ಇದ್ರೆ, ಗಮಕ ವಾಚನ ಇರಲಿ, ವಚನ ಗೋಷ್ಠಿ ಇರಲಿ, ಬರೆದು ಕಳಿಸಿ. ಅಲ್ಲಿ ಯಾರು ಮುಂದೆ ಕೂರ್ತಾರೆ, ಯಾರು ಬಾಗಿಲ ಹತ್ರ ನಿಲ್ತಾರೆ ಅನ್ನೋದನ್ನೂ ಬರೀರಿ. ಮುಂದಿನ ವಾರ ಸಿಗೋಣ.